ಜೂನ್ ಎಂಟರ ಬಾಗಿಲು

ಕಂತು ಒಂಬತ್ತು

ಮುಕ್ತಾರ್ ಅಹಮದ್ ತಮ್ಮ ರಿಪೇರಿ ಅಂಗಡಿಯಲ್ಲಿ, ನೀಲಾಂಬಿಕ ತಂದಿದ್ದ ವಾಚಿನ ಬೆನ್ನಿನ ಮುಚ್ಚಳ ಎಬ್ಬಿಸಿದರು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯೊಂದಿಗೆ ಅದರ ಮೇಲೆ ಬಗ್ಗಿದರು. ನಾನೂ ಬಗ್ಗಿದೆ. ನೀಲಾಂಬಿಕ ಮಾತ್ರ ಬೆಂಚಿನ ತುದಿಯಲ್ಲಿ ನೆಟ್ಟಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

"ನಮ್ದೇ ಗುರುತು," ಎಂದರು ಮುಕ್ತಾರ್. "ಮುಚ್ಚಳದ ಒಳಗೆ ಸೂಜಿಯಿಂದ ಗೀಚ್ತೀನಲ್ಲ, ಅದೇ. ಪಕ್ಕದಾಗೆ ತಾರೀಕು ಐತಿ ನೋಡಿ ಹುಚ್ಚರಾಯಣ್ಣ. ಹನ್ನೆರಡು, ಆರು, ಎಂಬತ್ತೊಂಬತ್ತು."

ನೀಲಾಂಬಿಕ ಕಣ್ಣು ಮುಚ್ಚಿಕೊಂಡರು.

ಹೊಸದಾಗಿ ಓದುತ್ತಿರುವವರಿಗೆ ಒಂದೇ ಮಾತು. ಎಂಬತ್ತೊಂಬತ್ತರ ಜೂನ್ ಎಂಟರಂದು, ಅಂಜನಾಪುರ ಜಲಾಶಯದಲ್ಲಿ ನೀರಿನ ಮಟ್ಟ ಬರೆಯುವ ಕೆಲಸದಲ್ಲಿದ್ದ ಸದಾಶಿವಪ್ಪ, ಅಂದರೆ ಈ ನೀಲಾಂಬಿಕ ಟೀಚರ ಗಂಡ, ಕಾಣೆಯಾದರು. ಏರಿಯ ಮೇಲೆ ಸೈಕಲ್ಲೂ ಚಪ್ಪಲಿಯೂ ಸಿಕ್ಕವು, ಹೆಣ ಸಿಗಲಿಲ್ಲ. "ಕಾಲು ಜಾರಿ ನೀರಿಗೆ ಬಿದ್ದಿರಬಹುದು" ಎಂದು ಮಹಜರು ಬರೆದ ಹೆಡ್ ಕಾನ್‌ಸ್ಟೇಬಲ್ ನಾನೇ. ಬರೆದು ಮುಗಿಸಿ ಊಟಕ್ಕೆ ಹೋಗಿದ್ದೆ. ಆ ಊಟ ಈಗಲೂ ನನಗೆ ಅರಗಿಲ್ಲ.

ಈಗ ಏಳು ವರ್ಷ ತುಂಬಿದೆ. ಏಳು ವರ್ಷ ಸುಳಿವೇ ಇಲ್ಲದವನನ್ನು ಕಾನೂನು ಸತ್ತವನೆಂದು ತಿಳಿಯುತ್ತದೆ. ಸೋಮವಾರ ಕೋರ್ಟಿನಲ್ಲಿ ಆ ಅರ್ಜಿಗೆ ನೀಲಾಂಬಿಕ ಸಹಿ ಹಾಕಬೇಕು. ಅವರ ತಮ್ಮ ವೀರಬಸಪ್ಪ ಅಕ್ಕನನ್ನು ಒಪ್ಪಿಸಲು ಒದ್ದಾಡಿ, ಆಗದೆ, ರಿಟೈರಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಹುಡುಕಿಕೊಂಡು ಬಂದಿದ್ದ. ಸತ್ತಿದ್ದಕ್ಕೆ ಗಟ್ಟಿ ಪುರಾವೆ ತಂದುಕೊಡಿ, ಆಗಲಾದರೂ ಅಕ್ಕ ಪೆನ್ನು ಹಿಡಿಯುತ್ತಾಳೆ ಎಂದಿದ್ದ.

ಅಕ್ಕ ಪೆನ್ನು ಹಿಡಿಯದಿರಲು ಕಾರಣ ಬೇರೆಯೇ ಇತ್ತು. ಗಂಡ ಹೋದ ಆ ಬೆಳಿಗ್ಗೆಗೆ ತಿರುಗಿ ಹೋಗಬಹುದು ಎಂದು ಅವರು ನಂಬಿದ್ದರು. ನಗಬೇಡಿ. ನಾನು ನಕ್ಕು ಒಮ್ಮೆ ಬೈಸಿಕೊಂಡಿದ್ದೇನೆ.

"ವಾಚಿನ ಒಂದು ತಾರೀಕಿಗೆ ಯಾಕೆ ಅಕ್ಕೋರೆ ಇಷ್ಟು ಗಾಬರಿ?" ಎಂದು ಮುಕ್ತಾರ್ ಕೇಳಿದರು.

ನೀಲಾಂಬಿಕ ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ಕು ತೆಗೆದು ತೊಡೆಯ ಮೇಲಿಟ್ಟುಕೊಂಡರು, ತೆರೆಯಲಿಲ್ಲ. ಅದರಲ್ಲಿರುವುದೆಲ್ಲ ಅವರಿಗೆ ಬಾಯಿಪಾಠ. ಹೊಸಬಾಳೆಯ ಶಾಲೆಯಲ್ಲಿ ಶನಿವಾರದ ಅರ್ಧ ದಿನ ಮುಗಿಸಿ, ಸೊರಬದಲ್ಲಿ ಬಸ್ಸು ಬದಲಾಯಿಸಿ, ಶಿಕಾರಿಪುರದ ಕಾಲೇಜಿಗೆ ಬಂದು, ಗಂಡನ ಗೆಳೆಯ ಗುರುಪ್ರಕಾಶ್ ಮೇಷ್ಟ್ರ ಎದುರು ಕೂತು ಬರೆದುಕೊಂಡ ಭೌತಶಾಸ್ತ್ರ. ಏಳು ವರ್ಷದ ಶನಿವಾರಗಳು.

"ಒಂದು ಗುಡ್ಡ ಇರತ್ತಲ್ಲ ಸಾಬ್ರೆ," ಎಂದು ಅವರು ಶುರುಮಾಡಿದರು. "ಅದನ್ನ ಹಿಂಡಿ ಹಿಂಡಿ ಪರಮಾಣುವಿಗಿಂತ ಚಿಕ್ಕದು ಮಾಡಿದ್ರೆ ಸಣ್ಣ ಕಪ್ಪು ಕುಳಿ ಆಗತ್ತೆ. ತೂಕ ಗುಡ್ಡದಷ್ಟೇ. ಅದರ ತೀರಾ ಹತ್ತಿರ ವಾಚು ಇಟ್ರೆ, ವಾಚು ನಿಧಾನ ಓಡತ್ತೆ."

"ಎಣ್ಣೆ ಒಣಗಿರ್ತದೆ."

"ಇಲ್ಲ. ವಾಚು ಸರಿ ಇರತ್ತೆ. ಅಲ್ಲಿ ಹೊತ್ತೇ ನಿಧಾನ."

ಮುಕ್ತಾರ್ ಕಣ್ಣಿನ ಗಾಜು ತೆಗೆದು ಕೆಳಗಿಟ್ಟರು. ಮೂವತ್ತು ವರ್ಷದಿಂದ ನಿಧಾನ ಓಡುವ ವಾಚುಗಳನ್ನು ಬೈದುಕೊಂಡು ಬಂದ ಮನುಷ್ಯ, ಮೊದಲ ಸಲ ಅವುಗಳ ಬಗ್ಗೆ ಮರ್ಯಾದೆಯಿಂದ ಯೋಚಿಸುತ್ತಿದ್ದಂತೆ ಕಂಡಿತು.

"ಇಂಥ ಎರಡು ಕುಳಿಗಳ ಬಾಯನ್ನ ಸುರಂಗದಿಂದ ಜೋಡಿಸಬಹುದು ಅಂತ ಲೆಕ್ಕ ಹೇಳತ್ತೆ," ನೀಲಾಂಬಿಕ ಮುಂದುವರಿಸಿದರು. "ಒಂದು ಬಾಯಿ ಇಲ್ಲೇ ಇರತ್ತೆ. ಇನ್ನೊಂದನ್ನ ಭಾರೀ ವೇಗದಲ್ಲಿ ತಿರುಗಾಡಿಸಿ ತಂದ್ರೆ ಅದರ ವಯಸ್ಸು ಕಮ್ಮಿ ಉಳಿಯತ್ತೆ. ಆ ಚಿಕ್ಕ ವಯಸ್ಸಿನ ಬಾಯಲ್ಲಿ ಹೊಕ್ಕರೆ, ಇಲ್ಲಿರೋ ಬಾಯಿಯ ಹಳೇ ದಿನಕ್ಕೆ ಬಂದು ಬೀಳ್ತೀವಿ."

"ಹಂಗಾರೆ ಹೋಗ್ರಿ ಮತ್ತೆ," ಎಂದೆ ನಾನು. ನನಗೆ ಈ ಕಪ್ಪು ಕುಳಿ ಗಿಪ್ಪು ಕುಳಿ ಎಂದರೆ ಮೈ ಉರಿಯುತ್ತದೆ.

"ಸುಲಭ ಅಲ್ಲ ಹುಚ್ಚರಾಯಪ್ಪನೋರೆ. ಕುಳಿ ತೀರಾ ಹಗುರ ಆದ್ರೆ ತಾನೇ ಉರಿದು ಆವಿಯಾಗತ್ತೆ. ಸುರಂಗ ಕಣ್ಣು ಮಿಟುಕಿಸೋದ್ರೊಳಗೆ ಕುಸಿಯತ್ತೆ. ಅದನ್ನ ತೆರೆದು ಹಿಡಿಯೋಕೆ ಸೊನ್ನೆಗಿಂತ ಕಮ್ಮಿ ಶಕ್ತಿ ಬೇಕು, ಅಷ್ಟು ಯಾರ ಹತ್ರಾನೂ ಇಲ್ಲ. ಬಾಯಿ ಎಷ್ಟು ಸಣ್ಣದು ಅಂದ್ರೆ ಇರುವೆನೂ ಹೊಕ್ಕಲ್ಲ. ಇದೆಲ್ಲ ನಂಗೆ ಗೊತ್ತು." ಅವರು ನೋಟ್‌ಬುಕ್ಕಿನ ಮೇಲೆ ಕೈಯಿಟ್ಟರು. "ಇದನ್ನೆಲ್ಲ ನಾಳೆ ಯಾರಾದ್ರೂ ಸರಿಮಾಡಬಹುದು. ಒಂದನ್ನ ಮಾತ್ರ ಯಾರೂ ಸರಿಮಾಡೋಕಾಗಲ್ಲ. ಬಾಗಿಲು ಮಾಡಿದ ದಿನಕ್ಕಿಂತ ಹಿಂದಕ್ಕೆ ಆ ಬಾಗಿಲಿಂದ ಹೋಗೋಕಾಗಲ್ಲ. ಆವತ್ತು ಬಾಗಿಲೇ ಇರಲಿಲ್ಲವಲ್ಲ."

ನನಗೆ ತಡೆಯಲಾಗಲಿಲ್ಲ. "ಮೂರು ವರ್ಷದ ಹಿಂದೆ ಹೋದೋರನ್ನ ನೋಡಬೇಕಂದ್ರೆ?"

ನನ್ನ ಹೆಂಡತಿ ರಾಜೇಶ್ವರಮ್ಮ ತೀರಿಹೋಗಿ ಮೂರು ವರ್ಷವಾಗಿದೆ. ಯಾರ ಬಗ್ಗೆ ಕೇಳುತ್ತಿದ್ದೇನೆಂದು ನೀಲಾಂಬಿಕರಿಗೆ ತಿಳಿಯಿತು. "ಅದಕ್ಕೂ ಮೊದಲೇ ಮಾಡಿದ ಬಾಗಿಲು ಇದ್ರೆ ಆಗತ್ತೆ," ಎಂದರು ಮೆಲ್ಲಗೆ. ಇಂಥ ಹುಚ್ಚು ಪ್ರಶ್ನೆ ಕೇಳಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂದು, ಬೀಡಿ ಹಚ್ಚಿಕೊಂಡೆ.

ವಾಚಿನ ಕಥೆ ಹೀಗಿತ್ತು. ಗಂಡ ಕಾಣೆಯಾಗಿ ವಾರವಾದ ಮೇಲೆ ಗುರುಪ್ರಕಾಶ್ ಮೇಷ್ಟ್ರು ಈ ವಾಚನ್ನು ತಂದುಕೊಟ್ಟಿದ್ದರು. ಇದು ಇಲ್ಲಿರುವ ಬಾಯಿಯ ಗಡಿಯಾರ, ಇದರ ಜೋಡಿ ದೂರದ ಪ್ರಯೋಗಾಲಯವೊಂದರಲ್ಲಿ ಗೆಳೆಯರ ಹತ್ತಿರ ಇದೆ, ಎರಡೂ ಒಟ್ಟಿಗೆ ಶುರುವಾಗಿವೆ, ದಿನಾ ತಪ್ಪದೆ ಕೀ ಕೊಡಿ ಎಂದಿದ್ದರು. ನೀಲಾಂಬಿಕ ಏಳು ವರ್ಷ ಕೀ ಕೊಟ್ಟರು.

ಕಳೆದ ಶನಿವಾರ ಬಾಗಿಲಿನ ಆ ನಿಯಮ ಪಾಠದಲ್ಲಿ ಬಂದಾಗ ಅವರೇ ಎದ್ದು ಕೇಳಿದ್ದರು. "ಗಡಿಯಾರ ಶುರುವಾಗಿದ್ದು ಅವರು ಹೋದ ಮೇಲಲ್ವಾ ಸಾರ್? ಹಾಗಾದ್ರೆ ಜೂನ್ ಎಂಟಕ್ಕೆ ಹೇಗೆ ಹೋಗೋದು?" ಮೇಷ್ಟ್ರು ತಡವರಿಸಿ, ಇಲ್ಲ, ಗಡಿಯಾರ ಅದಕ್ಕೂ ಮೊದಲೇ ಶುರುವಾಗಿತ್ತು ಎಂದುಬಿಟ್ಟಿದ್ದರು. ನೀಲಾಂಬಿಕ ಕುಣಿಯುತ್ತ ಬಂದು ನನಗೆ ಹೇಳಿದ್ದರು. ನನ್ನ ಕಿವಿ ಮಾತ್ರ ನೆಟ್ಟಗಾಯಿತು. ಇನ್ನೂ ಕಾಣೆಯಾಗದ ಮನುಷ್ಯನಿಗಾಗಿ ಈ ಮೇಷ್ಟ್ರು ಮೊದಲೇ ಗಡಿಯಾರ ಯಾಕೆ ಹಿಡಿದರು?

ಆದರೆ ಈಗ ತಾರೀಕು ಹನ್ನೆರಡು ಎನ್ನುತ್ತಿತ್ತು. ಕಾಣೆಯಾಗಿ ನಾಲ್ಕು ದಿನದ ಮೇಲೆ. ಅವರ ಬಾಗಿಲೂ ಮುಚ್ಚಿತು, ನನ್ನ ಅನುಮಾನವೂ ಬಿದ್ದುಹೋಯಿತು.

"ಹನ್ನೆರಡು ಅಂದ್ರೆ ನಾನು ಕೊಟ್ಟ ದಿನ," ಎಂದರು ಮುಕ್ತಾರ್, ಮುಚ್ಚಳ ಒತ್ತುತ್ತ.

"ಅಂದ್ರೆ?"

"ಗಿರಾಕಿಗೆ ವಾಪಸ್ ಕೊಡೋ ದಿನ ಗೀಚ್ತೀನಿ ಹುಚ್ಚರಾಯಣ್ಣ, ತಗೊಂಡ ದಿನ ಅಲ್ಲ. ನಾಳೆ ಕೆಟ್ಟೈತಿ ಅಂತ ಬಂದ್ರೆ ಲೆಕ್ಕ ಅಲ್ಲಿಂದ ತಾನೇ? ತಗೊಂಡ ಮ್ಯಾಲೆ ಎಂಟು ದಿನ ಈ ಕೊಕ್ಕೆಗೆ ನೇತು ಹಾಕ್ತೀನಿ. ಎಂಟು ದಿನ ನನ್ನ ಕಣ್ಣೆದುರು ಸರಿಯಾಗಿ ಓಡದೆ ಯಾವ ವಾಚೂ ಈ ಅಂಗಡಿ ಬಿಟ್ಟಿಲ್ಲ. ಅಬ್ಬಾಜಾನ್ ಕಾಲದ ರೂಲು."

ಗೋಡೆಯ ಮೇಲೆ ಸಾಲು ಕೊಕ್ಕೆಗಳಲ್ಲಿ ಹತ್ತು ಹನ್ನೆರಡು ವಾಚುಗಳು ನೇತಾಡುತ್ತಿದ್ದವು. ನಾನು ಬೆರಳು ಮಡಚಿ ಎಣಿಸಿದೆ. ಜೂನ್ ನಾಲ್ಕು. ಭಾನುವಾರ.

"ಈ ಜೋಡಿ ನೆನಪೈತಿ," ಎಂದರು ಮುಕ್ತಾರ್. "ಎರಡೂ ಒಂದೇ ಸಮ ನಡೀಬೇಕು, ಒಂದು ಸೆಕೆಂಡೂ ಹಿಂದೆ ಮುಂದೆ ಆಗಬಾರದು ಅಂತ ಚೀಟಿ ಇತ್ತು. ನಮ್ಮ ಮನೆಯ ಸಬಿಹಾ ಅಂಗಡೀಲಿ ಕೂತಾಗ ಯಾರೋ ಕೊಟ್ಟು ಹೋಗಿದ್ರು. ಬಿಡಿಸ್ಕೊಂಡು ಹೋಗಿದ್ದು ಕಾಲೇಜಿನ ಮೇಷ್ಟ್ರು."

ನೀಲಾಂಬಿಕ ಎದ್ದು ನಿಂತಿದ್ದರು. ಮುಖದಲ್ಲಿ ಇಪ್ಪತ್ತು ವರ್ಷದ ಹುಡುಗಿಯ ಬೆಳಕಿತ್ತು. "ಹಾಗಾದ್ರೆ ನಾಲ್ಕನೇ ತಾರೀಕಿಂದ ಇದೆ! ಎಂಟು ಅದರೊಳಗೆ ಬರತ್ತೆ!"

ಅವರಿಗೆ ಬಾಗಿಲು ತೆರೆದಿತ್ತು. ನನಗೆ ಒಬ್ಬ ಆರೋಪಿ ಸಿಕ್ಕಿದ್ದ. ಒಂದೇ ತಾರೀಕು.

ಕಾಲೇಜಿನ ದಾರಿಯುದ್ದಕ್ಕೂ ಅವರು ಮಾತಾಡುತ್ತಲೇ ಬಂದರು. "ನಂಗೆ ದೊಡ್ಡದೇನೂ ಬೇಡ. ಆವತ್ತು ನಾನು ಮಕ್ಕಳ ಕಾಪಿ ತಿದ್ದುತಾ ಕೂತಿದ್ದೆ. ಅವರು ಬಾಗಿಲ ಹತ್ರ ಸುಮಾರು ಹೊತ್ತು ನಿಂತಿದ್ರು. ನಾನು ತಲೆ ಎತ್ತಲಿಲ್ಲ. ಬಾಗಿಲು ಎಳ್ಕೊಂಡು ಹೋಗಿ ಅಂದೆ. ಈಗ ಒಂದ್ಸಲ ತಲೆ ಎತ್ತಿ ನೋಡಬೇಕು. ಹೋಗ್ಬೇಡಿ ಅನ್ನಬೇಕು. ಅಷ್ಟೇ."

ನನಗೆ ಅವರನ್ನು ಅಲ್ಲಿಂದಲೇ ಬಸ್ಸು ಹತ್ತಿಸಿ ಕಳಿಸಬೇಕೆನಿಸಿತು. ಕರೆದೊಯ್ದೆ. ಪೊಲೀಸು ಬುದ್ಧಿ ರಿಟೈರಾಗುವುದಿಲ್ಲ.

ಅವತ್ತೂ ಶನಿವಾರ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಗುರುಪ್ರಕಾಶ್ ಒಬ್ಬರೇ ಇದ್ದರು. ನಲವತ್ತೈದರ ಸಣಕಲು ಮನುಷ್ಯ, ಮದುವೆಯಿಲ್ಲ. ಮೇಜು ಒರೆಸಿ ಎರಡು ಕುರ್ಚಿ ಎದುರುಬದುರು ಹಾಕಿದ್ದರು. ಮೂರನೆಯವನಾದ ನನ್ನನ್ನು ನೋಡಿ ಮುಖ ಸಪ್ಪಗಾಯಿತು.

"ಮೇಷ್ಟ್ರೆ, ನೇರ ಕೇಳ್ತೀನಿ," ಎಂದೆ. "ವಾಚು ಯಾವಾಗ ಕೊಂಡ್ರಿ?"

"ಸದಾಶಿವ ಹೋದ ಮೇಲೆ."

"ಮುಕ್ತಾರ್ ಅಂಗಡಿಗೆ ಜೂನ್ ನಾಲ್ಕಕ್ಕೇ ಹೋಗ್ಯಾವೆ."

"ಅವರಿಗೆ ನೆನಪು ತಪ್ಪಿರಬೇಕು."

"ಮುಚ್ಚಳದಾಗೆ ಗೀಚಿದ್ದಕ್ಕೆ ನೆನಪು ತಪ್ಪಂಗಿಲ್ರಿ. ಇವರೇ ಕಲಿತು ಬಂದಾರೆ, ಬಾಗಿಲು ಮಾಡಿದ ದಿನಕ್ಕಿಂತ ಹಿಂದೆ ಹೋಗಾಕಾಗಲ್ಲ ಅಂತ. ನೀವೇ ಕಲಿಸಿದ್ದು. ಎಂಟನೇ ತಾರೀಕಿಗೆ ಕರ್ಕೊಂಡು ಹೋಗ್ತೀನಿ ಅಂದ್ರೆ ಬಾಗಿಲು ಅದಕ್ಕೂ ಮೊದಲು ಇರಬೇಕು. ಇದ್ದದ್ದು ಹೌದಾದ್ರೆ, ಸದಾಶಿವಪ್ಪ ಹೋಗೋದು ನಿಮಗೆ ಮೊದಲೇ ಗೊತ್ತಿತ್ತು. ಇಲ್ಲ ಅಂದ್ರೆ ಏಳು ವರ್ಷ ಈಯಮ್ಮನಿಗೆ ಸುಳ್ಳು ಹೇಳೀರಿ. ಎರಡರಾಗೆ ಯಾವುದು?"

ಗುರುಪ್ರಕಾಶ್ ನನ್ನನ್ನು ನೋಡಲಿಲ್ಲ. ನೀಲಾಂಬಿಕರನ್ನು ನೋಡಿದರು. "ಆಗತ್ತೆ ಅಂತ ಒಂದು ದಿನಾನೂ ಹೇಳಲಿಲ್ಲ. ಆಗಬಹುದು ಅಂದೆ. ಲೆಕ್ಕದಲ್ಲಿ ಆಗಬಹುದು. ಅದು ಸುಳ್ಳಲ್ಲ."

"ಪ್ರಯೋಗಾಲಯ?" ಎಂದರು ನೀಲಾಂಬಿಕ.

"ಇಲ್ಲ."

"ಇನ್ನೊಂದು ಗಡಿಯಾರ ಕುಳಿ ಹತ್ರ ಇಟ್ಟಿದ್ದು?"

"ಅಂಥ ಕುಳಿನ ಇಲ್ಲಿವರೆಗೆ ಯಾರೂ ಕಂಡಿಲ್ಲ."

ಅವರ ಕೈ ನೋಟ್‌ಬುಕ್ಕಿನ ಮೇಲೆ ಹಾಗೇ ಇತ್ತು. ಅಳುತ್ತಾರೆಂದುಕೊಂಡೆ, ಅಳಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

"ಯಾಕೆ ಮೇಷ್ಟ್ರೆ?" ಎಂದೆ. ನನ್ನ ಸ್ವರ ಏರಿತ್ತು. "ಸುಳ್ಳು ಹೇಳಾಕೂ ಒಂದು ಮಿತಿ ಬ್ಯಾಡೇನ್ರಿ?"

"ಮೊದಲು ವಾಚು ಕೊಟ್ಟಿದ್ದಕ್ಕೆ ಏನಾದ್ರೂ ಕಾರಣ ಹೇಳಬೇಕಿತ್ತು. ಇವರು ಊಟ ಬಿಟ್ಟಿದ್ರು. ಆ ಬೆಳಿಗ್ಗೆಗೆ ವಾಪಸ್ ಹೋಗೋಕೆ ದಾರಿ ಇದೆಯಾ ಸಾರ್ ಅಂತ ಕೇಳಿದ್ರು. ನಾನು ಓದಿದ್ದು ಹೇಳಿದೆ. ಅವತ್ತು ಮನೆಗೆ ಹೋಗಿ ಉಂಡ್ರಂತೆ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಆಮೇಲೆ ನಿಜ ಹೇಳಿದ್ರೆ ಶನಿವಾರ ಬರೋದು ನಿಂತು ಹೋಗ್ತಿತ್ತು."

ಆ ಮಾತು ಬಾಯಿಂದ ಬಿದ್ದ ಮೇಲೆ ಮೇಷ್ಟ್ರು ತಲೆ ತಗ್ಗಿಸಿದರು. ಅವರ ಏಳು ವರ್ಷವೂ ಆ ಮಾತಿನಲ್ಲಿತ್ತು. ನನಗೆ ಬೈಯಲು ಇದ್ದ ಹುಮ್ಮಸ್ಸು ಅರ್ಧ ಇಳಿಯಿತು. ಎದುರುಬದುರು ಹಾಕಿದ ಆ ಎರಡು ಕುರ್ಚಿಗಳಿಗಾಗಿ ಈ ಮನುಷ್ಯ ವಾರವಿಡೀ ಕಾಯುತ್ತಿದ್ದ.

"ಕೊಟ್ಟಿದ್ದಕ್ಕೆ ಕಾರಣ ಹೇಳಬೇಕಿತ್ತು ಅಂದ್ರಿ," ನಾನು ಬಿಡಲಿಲ್ಲ. "ಅಂದ್ರೆ ವಾಚು ನಿಮ್ಮದಲ್ಲ. ಯಾರದು?"

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು.

"ಸದಾಶಿವಂದು," ಎಂದರು ಗುರುಪ್ರಕಾಶ್. "ಭಾನುವಾರ ಅವನೇ ಅಂಗಡಿಗೆ ಕೊಟ್ಟು, ರಸೀದಿ ತಂದು ನನ್ನ ಕೈಗಿಟ್ಟ. ಎಂಟು ದಿನ ಆದಮೇಲೆ ಬಿಡಿಸ್ಕೋ, ಒಂದನ್ನ ನೀಲಾಗೆ ಕೊಡು, ನನ್ನ ಹೆಸರು ಹೇಳಬೇಡ, ಇನ್ನೊಂದನ್ನ ನಾನು ಹೇಳಿದ ವಿಳಾಸಕ್ಕೆ ಕಳಿಸು ಅಂದ. ಅವಳು ಟೈಮ್ ನೋಡಿದಾಗ ನನಗೂ ಅದೇ ಟೈಮ್ ಆಗಿರಬೇಕು ಅಂದ. ಯಾಕೋ ಹೋಗ್ತೀಯಾ ಅಂತ ಕೇಳಿದೆ. ಹೇಳಲಿಲ್ಲ. ಆಣೆ ಹಾಕಿಸ್ಕೊಂಡ."

ಸೈಕಲ್ಲು, ಚಪ್ಪಲಿ. ಯಾರೋ ಅಚ್ಚುಕಟ್ಟಾಗಿ ಜೋಡಿಸಿಟ್ಟಂತೆ ಇದ್ದವು ಎಂದು ನನಗೆ ಅವತ್ತೇ ಅನ್ನಿಸಿತ್ತು. ಹಸಿವಾಗಿತ್ತು, ಬರೆಯಲಿಲ್ಲ.

ನೀಲಾಂಬಿಕ ಕುರ್ಚಿಯಲ್ಲಿ ಕೂತರು. ಗಂಡ ಬದುಕಿದ್ದಾನೆಯೇ ಎಂದು ಅವರು ಮೊದಲು ಕೇಳಲಿಲ್ಲ.

"ನಾಲ್ಕನೇ ತಾರೀಕೇ ನಿರ್ಧಾರ ಮಾಡಿದ್ರು," ಎಂದರು. "ಹಾಗಾದ್ರೆ ಎಂಟಕ್ಕೆ ನಾನು ತಲೆ ಎತ್ತಿದ್ರೂ ಹೋಗ್ತಿದ್ರು. ನಾನು ತಪ್ಪಾದ ದಿನಕ್ಕೆ ಹೋಗೋಕೆ ಏಳು ವರ್ಷ ಓದಿದೆ."

ನಾನು ಕಿಟಕಿಯ ಹೊರಗೆ ನೋಡಿದೆ. ಅವರ ಮೇಲಿದ್ದ ಒಂದು ಭಾರ ಇಳಿದಿತ್ತು, ಇನ್ನೊಂದು ಏರಿತ್ತು. ಯಾವುದು ಹೆಚ್ಚೋ ನನಗೆ ತಿಳಿಯದು.

"ಈಗ ಎಲ್ಲಿದಾರೆ?"

ಗುರುಪ್ರಕಾಶ್ ಮೇಜಿನ ಖಾನೆ ಎಳೆದು ಒಂದು ಪೋಸ್ಟ್‌ಕಾರ್ಡು ತೆಗೆದರು. "ಏಳು ವರ್ಷದಲ್ಲಿ ಒಂದೂ ಕಾಗದ ಇಲ್ಲ. ವಾಚು ಕಳಿಸಿದ ವಿಳಾಸಕ್ಕೆ ಹೋಗಿ ನೋಡಿದೆ, ಯಾರೂ ಇರಲಿಲ್ಲ. ಗುರುವಾರ ಇದು ಬಂತು. ನನಗೆ ತಲೆಬುಡ ಅರ್ಥ ಆಗಿಲ್ಲ."

ನಾನು ಮೊದಲು ಮುದ್ರೆ ನೋಡಿದೆ. ಸೊರಬ. ಮೂರು ದಿನದ ಹಿಂದಿನದು.

"ಸೊರಬವಾ?" ನೀಲಾಂಬಿಕ ಎದ್ದರು. "ಪ್ರತಿ ಶನಿವಾರ ಸೊರಬ ಬಸ್‌ಸ್ಟ್ಯಾಂಡಲ್ಲಿ ನಾನು ಅರ್ಧ ಗಂಟೆ ಕೂತಿರ್ತೀನಿ."

ಅವರು ತಮ್ಮ ಸೆರಗನ್ನು ಸರಿಮಾಡಿಕೊಂಡರು, ಈಗಲೇ ಯಾರೋ ನೋಡುತ್ತಿದ್ದಾರೇನೋ ಎಂಬಂತೆ.

ಕಾರ್ಡಿನಲ್ಲಿ ಎರಡೇ ಸಾಲು. ಗಟ್ಟಿಯಾಗಿ ಓದಿದೆ.

"ನೀಲಾ ಸೋಮವಾರ ಆ ಅರ್ಜಿಗೆ ಸಹಿ ಹಾಕುವಂತೆ ನೋಡಿಕೋ. ಹಾಕದಿದ್ದರೆ ನಾನೇ ಬರಬೇಕಾಗುತ್ತದೆ."

"ಅಕ್ಷರ ಅವರದೇ," ಎಂದರು ನೀಲಾಂಬಿಕ, ನನ್ನ ಭುಜದ ಹಿಂದಿನಿಂದ.

ಅರ್ಜಿ ಸೋಮವಾರಕ್ಕೆ ಎಂದು ಗೊತ್ತಿದ್ದವರು ನಾಲ್ಕೇ ಜನ: ವಕೀಲರು, ನೀಲಾಂಬಿಕ, ನಾನು, ಮತ್ತು ಅಕ್ಕನನ್ನು ಒಪ್ಪಿಸಲು ಅಷ್ಟು ಒದ್ದಾಡಿದ ವೀರಬಸಪ್ಪ. "ಮೇಷ್ಟ್ರೆ, ಸೋಮವಾರದ ಸಂಗತಿ ನಿಮಗೆ ಗೊತ್ತಿತ್ತಾ?"

"ಯಾವ ಅರ್ಜಿ ಅಂತಾನೂ ಗೊತ್ತಿಲ್ಲ."

ನಾನು ಕಾರ್ಡನ್ನು ಮೇಜಿನ ಮೇಲಿಟ್ಟೆ. "ಅಕ್ಕೋರೆ, ನನ್ನ ಮಾತು ಕೇಳ್ರಿ. ಈ ಮನುಷ್ಯ ತಾನು ಸತ್ತಿರಬೇಕು ಅಂತ ಬಯಸ್ತಾನೆ. ನಿಮ್ಮ ಹತ್ರದೋರೇ ಯಾರೋ ಅವನಿಗೆ ಸುದ್ದಿ ಮುಟ್ಟಿಸ್ತಾರೆ. ಯಾರಿಗೆ ಹೆದರಿ ಅಡಗ್ಯಾನೋ, ಬಂದ್ರೆ ಏನು ತರ್ತಾನೋ ಗೊತ್ತಿಲ್ಲ. ಇದು ಬೆದರಿಕೆ. ಸತ್ಯ ಹೊರಗೆ ಬರೋತನಕ ಜೀವ ಉಳಿಸ್ಕೊಳ್ರಿ. ಸೋಮವಾರ ಸಹಿ ಹಾಕಿಬಿಡ್ರಿ."

ಬದುಕಿರುವವನನ್ನು ಸತ್ತನೆಂದು ಬರೆಸಲು ಹೇಳುತ್ತಿದ್ದವನು, ಮೂವತ್ತೈದು ವರ್ಷ ಖಾಕಿ ಹಾಕಿದ ನಾನು.

"ಹಾಕಿಬಿಡು ನೀಲಾ," ಎಂದರು ಗುರುಪ್ರಕಾಶ್. ಅವರ ಬಾಯಲ್ಲಿ ಆ ಹೆಸರು ಹಾಗೆ ಬಂದದ್ದನ್ನು ಅವರೂ ಗಮನಿಸಲಿಲ್ಲ.

ನೀಲಾಂಬಿಕ ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡಂತಿರಲಿಲ್ಲ. ಕಾರ್ಡನ್ನು ಎತ್ತಿಕೊಂಡು ಒಂದು ಸಲ ಓದಿದರು. ಮತ್ತೊಂದು ಸಲ, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ ಓದಿದರು. ಬೆರಳು ಕೊನೆಯ ಸಾಲಿನಲ್ಲಿ ನಿಂತಿತು.

"ಸಹಿ ಹಾಕದಿದ್ರೆ ಬರ್ತೀನಿ ಅಂತ ಬರ್ದಿದಾರೆ," ಎಂದರು.

"ಅದನ್ನೇ ಅಲ್ವೇನ್ರಿ ನಾನು ಹೇಳ್ತಿರೋದು!"

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆ ಮುಖದಲ್ಲಿ ಹೆದರಿಕೆ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

"ಹಾಗಾದ್ರೆ ನಾನು ಸಹಿ ಹಾಕಲ್ಲ."